ಒಟ್ಟು ಎಷ್ಟಾಯಿತು?

ಆರ್ಡರ್ ನಂಬರ್ 10248. ಒಂದು ಕಾಲದಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಕಲಿತವರಿಗೆ ಈ ಸಂಖ್ಯೆ ಶಾಲೆಯ ಹಾಜರಿ ನಂಬರಿನಷ್ಟೇ ಪರಿಚಿತ. ತಂತ್ರಾಂಶದ ಜೊತೆಗೇ ಮಾದರಿಯಾಗಿ ಬರುತ್ತಿದ್ದ ‘ನಾರ್ತ್‌ವಿಂಡ್’ ಎಂಬ ಡೇಟಾಬೇಸಿನಲ್ಲಿ ಸರದಿಯ ಮೊದಲಿಗೆ ನಿಂತ ಆರ್ಡರು ಅದು. ನಾರ್ತ್‌ವಿಂಡ್ ಎಂಬ ದಿನಸಿ ಕಂಪನಿ ಲೋಕದಲ್ಲಿ ಎಲ್ಲೂ ಇರಲಿಲ್ಲ; ಅದರ ಗಿರಾಕಿಗಳೂ ಗುಮಾಸ್ತರೂ ಪಾಠಕ್ಕಾಗಿ ಹುಟ್ಟಿದವರು. ಆದರೂ ಆ ಆರ್ಡರಿನ ಮೂರು ಬಾಬತ್ತುಗಳನ್ನು ಕೂಡಿಸಿ ನೋಡಿದವರು ಊರೂರಿನಲ್ಲೂ ಸಿಗುತ್ತಾರೆ. 14 ಡಾಲರಿನ ಚೀಸು 12, 9.80 ಡಾಲರಿನ ಸಿಂಗಪುರದ ನೂಡಲ್ಸು 10, 34.80 ಡಾಲರಿನ ಮೊಝರೆಲ್ಲಾ 5. ಸಾಲು ಸಾಲಾಗಿ 168, 98, 174. ಒಟ್ಟು 440.

ತಮಾಷೆಯೆಂದರೆ ಈ 440 ನಾರ್ತ್‌ವಿಂಡ್‌ನ ಯಾವ ಕೋಷ್ಟಕದಲ್ಲೂ ಇಲ್ಲ. ಆರ್ಡರುಗಳ ಕೋಷ್ಟಕದಲ್ಲಿ ಗಿರಾಕಿ, ತಾರೀಖು, ಸಾಗಣೆ ವೆಚ್ಚ ಇವೆ. ವಿವರಗಳ ಕೋಷ್ಟಕದಲ್ಲಿ ದರ, ಪ್ರಮಾಣ, ರಿಯಾಯಿತಿ ಇವೆ. ಮೊತ್ತಕ್ಕೆಂದು ಒಂದು ಕಾಲಮ್ಮೇ ಇಲ್ಲ. ಫಾರ್ಮ್ ತೆರೆದಾಗ ಅದು ಹುಟ್ಟುತ್ತದೆ, ಮುಚ್ಚಿದಾಗ ಇಲ್ಲವಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಕೊನೆಯ ಸಾಲಿನಡಿ ಎರಡು ಗೆರೆ ಎಳೆದು ಒಟ್ಟು ಬರೆದಿಟ್ಟು ರೂಢಿಯಾದವರಿಗೆ ಇದು ವಿಚಿತ್ರವೇ ಸರಿ.

ಬರೆದಿಡುತ್ತಿದ್ದ ಮೊತ್ತ ಕೇಳಿದಾಗ ಮಾತ್ರ ಹುಟ್ಟುವ ಮೊತ್ತವಾದದ್ದರ ಹಿಂದೆ ಉದ್ದನೆಯ ಚರಿತ್ರೆಯಿದೆ. ಅದರಲ್ಲಿ ಕೂಡುವ ಕೆಲಸ ಯಾರಿಗೂ ಹೆಚ್ಚು ಕಷ್ಟ ಕೊಟ್ಟಿಲ್ಲ. ಯಾವುದನ್ನು ಯಾವುದರ ಜೊತೆ ಕೂಡಬೇಕು ಎಂಬುದೇ ಶಾನುಭೋಗರಿಂದ ಹಿಡಿದು ಪ್ರೋಗ್ರಾಮರುಗಳವರೆಗೆ ಎಲ್ಲರ ತಲೆ ತಿಂದಿದೆ.

ರಾಶಿ, ಖಿರ್ದಿ, ಖತಾವಣಿ

ಕನ್ನಡದ ಪದಗಳಲ್ಲೇ ಇದರ ಸುಳಿವಿದೆ. ‘ಒಟ್ಟು’ ಎಂಬುದು ಕ್ರಿಯಾಪದವಾದರೆ ರಾಶಿ ಹಾಕು ಎಂದರ್ಥ. ಬೆರಣಿ ಒಟ್ಟುತ್ತಾರೆ, ಸೌದೆ ಒಟ್ಟುತ್ತಾರೆ. ‘ಮೊತ್ತ’ಕ್ಕೆ ಹಳಗನ್ನಡದಲ್ಲಿ ಗುಂಪು, ಸಮೂಹ ಎಂಬ ಅರ್ಥವಿತ್ತು. ಇಂಗ್ಲಿಷಿನ ‘ಸಮ್’ ಬಂದದ್ದು ಲ್ಯಾಟಿನ್ನಿನ ‘ಸುಮ್ಮ’ದಿಂದ, ಅಂದರೆ ತುತ್ತತುದಿಯದು, ರೋಮನ್ನರು ಕೆಳಗಿನಿಂದ ಮೇಲಕ್ಕೆ ಕೂಡುತ್ತ ಹೋಗಿ ಮೊತ್ತವನ್ನು ಸಾಲುಗಳ ನೆತ್ತಿಯ ಮೇಲೆ ಬರೆಯುತ್ತಿದ್ದರು. ಅವರ ಪದ ಮೊತ್ತ ಕೂರುವ ಜಾಗವನ್ನು ಹೇಳುತ್ತದೆ. ಕನ್ನಡದ ಪದ ಅದಕ್ಕೂ ಮೊದಲು ಆಗಬೇಕಾದ ಕೆಲಸವನ್ನು ಹೇಳುತ್ತದೆ: ಮೊದಲು ಗುಡ್ಡೆ ಹಾಕು.

ಕಣದಲ್ಲಿ ಆಗುತ್ತಿದ್ದದ್ದೂ ಅದೇ. ರಾಗಿಯ ರಾಶಿ ಬೇರೆ, ಹುರುಳಿಯ ರಾಶಿ ಬೇರೆ. ಅಳೆಯುವವನು ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾನೆ. ಲಾಭ, ಎರಡು, ಮೂರು ಎಂದು ಗಟ್ಟಿಯಾಗಿ ಕೂಗುತ್ತ ಹೋಗುವ ಈ ಎಣಿಕೆಗೆ ಇಂದಿನ ಡೇಟಾಬೇಸಿನವರ ಭಾಷೆಯಲ್ಲಿ ‘ರನ್ನಿಂಗ್ ಟೋಟಲ್’ ಎಂದು ಹೆಸರು. ಪ್ರತಿ ಕೊಳಗಕ್ಕೂ ಅಲ್ಲಿಯವರೆಗಿನ ಮೊತ್ತ ಎಲ್ಲರ ಕಿವಿಗೂ ಬೀಳುತ್ತದೆ.

ಕೂಡುವುದನ್ನು ಪಂಡಿತರು ಎಷ್ಟು ಹಗುರವಾಗಿ ಕಂಡಿದ್ದರು ಎಂಬುದಕ್ಕೆ ‘ಗಣಿತಸಾರಸಂಗ್ರಹ’ವೇ ಸಾಕ್ಷಿ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ಬರೆದ ಈ ಗ್ರಂಥದ ಎಂಟು ಪರಿಕರ್ಮಗಳು ಗುಣಾಕಾರದಿಂದಲೇ ಶುರುವಾಗುತ್ತವೆ. ಎರಡು ಸಂಖ್ಯೆಗಳನ್ನು ಕೂಡುವುದು, ಕಳೆಯುವುದು ಅವನ ಪಟ್ಟಿಯಲ್ಲಿಲ್ಲ. ಅವನ ‘ಸಂಕಲಿತ’ ಶ್ರೇಢಿಗಳ ಮೊತ್ತಕ್ಕೆ ಸಂಬಂಧಿಸಿದ್ದು. ಸಾದಾ ಕೂಡುವಿಕೆ ಓದುಗನಿಗೆ ಬಂದೇ ಬರುತ್ತದೆ ಎಂದು ಅವನು ಗ್ರಹಿಸಿದಂತಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ; ಗಣಿತ ಅಂಗಡಿಯ ಜಗಲಿಗೂ ಹೊಲದ ಬದುವಿಗೂ ಬೇಕಾದ ವಿದ್ಯೆ ಎಂಬುದನ್ನು ಆ ಹೆಸರೇ ಹೇಳುತ್ತದೆ.

ಆ ವ್ಯವಹಾರ ಬರಹಕ್ಕಿಳಿದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿದ ಕಪ್ಪು ಪುಸ್ತಕ ಅದು. ಬಿಳಿ ಬಳಪದಲ್ಲಿ ಬರೆಯುವುದು, ಬೇಡವಾದಾಗ ಅಳಿಸಿ ಮತ್ತೆ ಮಸಿ ಬಳಿಯುವುದು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಕಾರರಿಗೆ ಗಣಿ. ಕಾಗದ ಬಂದ ಮೇಲೆ ಲೆಕ್ಕ ಮೂರು ಮಜಲಿನದಾಯಿತು. ದಿನದಿನದ ಜಮಾ ಖರ್ಚನ್ನು ಆದ ಹಾಗೆ ಬರೆಯುವುದು ಖಿರ್ದಿ. ಅದನ್ನೇ ಆಸಾಮಿವಾರು ಒಡೆದು, ಒಬ್ಬೊಬ್ಬರ ಖಾತೆಗೆ ಏರಿಸುವುದು ಖತಾವಣಿ. ಖಾತೆಗಳ ಮೊತ್ತಗಳನ್ನೆಲ್ಲ ಒಂದು ಹಾಳೆಗೆ ಇಳಿಸುವುದು ಗೋಷ್ವಾರೆ. ನಡುವಿನ ಮಜಲೇ ಜೀವಾಳ. ಹದಿನೈದು ರೂಪಾಯಿ ಯಾರ ಖಾತೆಗೆ ಏರಿತು ಎಂಬಲ್ಲಿ ಕೈ ತಪ್ಪಿದರೆ ಗೋಷ್ವಾರೆಯ ಒಟ್ಟು ಸರಿಯಾಗಿಯೇ ಬರುತ್ತದೆ, ಬಡ ರೈತನ ಬಾಕಿ ಮಾತ್ರ ಹಾಗೇ ಉಳಿಯುತ್ತದೆ.

ಕೂಡುವಾಗಿನ ದಶಕವೂ ಒಂದೇ ತೆರನಾಗಿರಲಿಲ್ಲ. ಪೈಗಳು 12 ಆದರೆ ಒಂದು ಆಣೆ, ಆಣೆ 16 ಆದರೆ ಒಂದು ರೂಪಾಯಿ. ಗುಂಟೆ 40 ಆದರೆ ಒಂದು ಎಕರೆ. ಒಂದೇ ಪುಟದಲ್ಲಿ ಒಂದು ಸಾಲು ಹನ್ನೆರಡಕ್ಕೆ, ಇನ್ನೊಂದು ಹದಿನಾರಕ್ಕೆ, ಮತ್ತೊಂದು ನಲವತ್ತಕ್ಕೆ ಮುಂದಿನ ಮನೆಗೆ ಏರುತ್ತಿತ್ತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು ರೂಪಾಯಿಯ ಲೆಕ್ಕ ದಶಮಾಂಶಕ್ಕೆ ತಿರುಗಿತು. ಎಕರೆ ತಿರುಗಲಿಲ್ಲ.

ಗಂಟೆ ಬಾರಿಸಿದ ಕಾರ್ಡು

ಇಷ್ಟೊತ್ತಿಗೆ ಅಮೆರಿಕದಲ್ಲಿ ಖತಾವಣಿಯ ಕಷ್ಟ ಸರ್ಕಾರದ ಕುತ್ತಿಗೆಗೆ ಬಂದು ಬಹಳ ಕಾಲವಾಗಿತ್ತು. 1880ರ ಜನಗಣತಿಯ ಲೆಕ್ಕ ಮುಗಿಯಲು ಏಳೆಂಟು ವರ್ಷ ಹಿಡಿಯಿತು. ಹೀಗೇ ನಡೆದರೆ ಒಂದು ಗಣತಿ ಮುಗಿಯುವ ಮೊದಲೇ ಮುಂದಿನದು ಬಂದು ನಿಲ್ಲುವ ಪರಿಸ್ಥಿತಿ. ಗಣತಿ ಕಚೇರಿಯಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಿದ್ದ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್, ಈ ಕೆಲಸಕ್ಕೊಂದು ಯಂತ್ರ ಇರಬೇಕಲ್ಲ ಎಂದು ತರುಣ ಎಂಜಿನಿಯರ್ ಹರ್ಮನ್ ಹಾಲರಿತ್‌ನ ತಲೆಗೆ ಹುಳ ಬಿಟ್ಟ. 1889ರ ಜನವರಿ 8ರಂದು ಹಾಲರಿತ್‌ಗೆ ಪೇಟೆಂಟು ಸಿಕ್ಕಿತು. 1890ರ ಗಣತಿ ಅವನ ಯಂತ್ರದಲ್ಲೇ ನಡೆಯಿತು.

ಆ ಯಂತ್ರವನ್ನು ಹತ್ತಿರದಿಂದ ನೋಡಬೇಕು. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ರಟ್ಟಿನ ಕಾರ್ಡು. ಗಂಡೋ ಹೆಣ್ಣೋ, ವಯಸ್ಸೆಷ್ಟು, ಹುಟ್ಟಿದ್ದೆಲ್ಲಿ ಎಂಬುದಕ್ಕೆಲ್ಲ ಗೊತ್ತಾದ ಜಾಗದಲ್ಲಿ ಒಂದೊಂದು ತೂತು. ಗುಮಾಸ್ತೆ ಕಾರ್ಡನ್ನು ಅಚ್ಚಿನ ಮೇಲಿಟ್ಟು ಹಿಡಿಕೆ ಒತ್ತಿದರೆ ಸ್ಪ್ರಿಂಗಿನ ಸೂಜಿಗಳು ಇಳಿಯುತ್ತವೆ. ತೂತಿದ್ದಲ್ಲಿ ಸೂಜಿ ಕೆಳಗಿನ ಪಾದರಸದ ಬಟ್ಟಲಿಗೆ ಅದ್ದಿ ವಿದ್ಯುತ್ತು ಹರಿಯುತ್ತದೆ. ಎದುರಿಗಿರುವ 40 ಮುಖಫಲಕಗಳಲ್ಲಿ ಅದಕ್ಕೆ ಸಂಬಂಧಿಸಿದ ಮುಳ್ಳು ಒಂದು ಮನೆ ಮುಂದೆ ಜರುಗುತ್ತದೆ. ಠಣ್ ಎಂದು ಗಂಟೆ ಬಾರಿಸಿದರೆ ಕಾರ್ಡು ಓದಿಸಿಕೊಂಡಿತೆಂದು ಗುರುತು. ಒಂದೊಂದು ಫಲಕ 9,999ರವರೆಗೆ ಎಣಿಸಬಲ್ಲದು. ಪಕ್ಕದಲ್ಲೇ ಖಾನೆ ಖಾನೆಯ ಪೆಟ್ಟಿಗೆ. ಸರಿಯಾದ ಖಾನೆಯ ಮುಚ್ಚಳ ತಾನೇ ತೆರೆದುಕೊಳ್ಳುತ್ತದೆ, ಗುಮಾಸ್ತೆ ಕಾರ್ಡನ್ನು ಅದರೊಳಗೆ ಹಾಕಬೇಕು.

ಚರಿತ್ರೆಯಲ್ಲಿ ಹೆಸರಾದದ್ದು ಎಣಿಸುವ ಫಲಕಗಳು. ಆದರೆ ಮುಂದಿನ ಸುತ್ತಿನ ಎಣಿಕೆಗೆ ಗುಂಪು ಮಾಡಿಕೊಡುತ್ತಿದ್ದುದು ಆ ಖಾನೆ ಪೆಟ್ಟಿಗೆ. ಹಾಲರಿತ್‌ನ ಖತಾವಣಿ ಅದು.

ಯಂತ್ರವಿಲ್ಲದೆಯೂ ಇದೇ ಕೆಲಸ ಭಾರತದಲ್ಲಿ ನಡೆಯಿತು. 1901ರ ಜನಗಣತಿಗೆ ಇಲ್ಲಿ ಚೀಟಿ ಪದ್ಧತಿ ತಂದರು. ಮನೆಮನೆಯ ಪಟ್ಟಿಯಿಂದ ಒಬ್ಬೊಬ್ಬರ ವಿವರವನ್ನೂ ಒಂದೊಂದು ಚೀಟಿಗೆ ಇಳಿಸುವುದು. ಚೀಟಿಯ ಬಣ್ಣದಲ್ಲೇ ಧರ್ಮ ಗೊತ್ತಾಗಬೇಕು, ಅಚ್ಚಾದ ಚಿಹ್ನೆಯಲ್ಲೇ ಗಂಡು ಹೆಣ್ಣು ಗೊತ್ತಾಗಬೇಕು. ಆಮೇಲೆ ಅವನ್ನು ಗೂಡುಗಳಿಗೆ ಹಂಚಿ ಎಣಿಸುವುದು. ಸೂಜಿಯೂ ಇಲ್ಲ, ಪಾದರಸವೂ ಇಲ್ಲ.

ಹಾಲರಿತ್‌ನ ಮೊದಲ ಯಂತ್ರಕ್ಕೆ ಒಂದು ಕೊರತೆಯಿತ್ತು. ಅದು ಎಣಿಸುತ್ತಿತ್ತು, ಕೂಡುತ್ತಿರಲಿಲ್ಲ. ಕಾರ್ಡು ಒಂದಾದರೆ ಎಣಿಕೆ ಒಂದು. ಜನಗಣತಿಗೆ ಅಷ್ಟು ಸಾಕು, ರೈಲ್ವೆಗೆ ಸಾಲದು. ಸರಕು ಚೀಟಿಯಲ್ಲಿ ಎಷ್ಟು ಟನ್, ಎಷ್ಟು ಬಾಡಿಗೆ ಎಂಬ ಅಂಕಿಗಳಿರುತ್ತವೆ, ಅವನ್ನು ಒಂದರ ಮೇಲೊಂದು ಏರಿಸಬೇಕು. 1890ರ ದಶಕದ ನಡುವೆ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಗಾಗಿ ಅವನು ಕೂಡುವ ಯಂತ್ರವನ್ನು ಸಜ್ಜುಮಾಡಿದ. ಇಂದು ಡೇಟಾಬೇಸಿನಲ್ಲಿ ‘ಕೌಂಟ್’ ಮತ್ತು ‘ಸಮ್’ ಎಂದು ಬೇರೆ ಬೇರೆ ಆಜ್ಞೆಗಳಿವೆಯಲ್ಲ, ಆ ವ್ಯತ್ಯಾಸ ಒಮ್ಮೆ ಕಬ್ಬಿಣದಲ್ಲೇ ಇತ್ತು. 1896ರಲ್ಲಿ ಹಾಲರಿತ್ ಕಟ್ಟಿದ ಟ್ಯಾಬ್ಯುಲೇಟಿಂಗ್ ಮಷೀನ್ ಕಂಪನಿ 1911ರಲ್ಲಿ ಬೇರೆ ಕಂಪನಿಗಳೊಡನೆ ಸೇರಿತು. 1924ರಲ್ಲಿ ಅದಕ್ಕೆ ಐಬಿಎಂ ಎಂದು ಹೆಸರಾಯಿತು.

‘ಟೋಟಲ್ ಟೈಮ್’

ಐಬಿಎಂನ ಟ್ಯಾಬ್ಯುಲೇಟರುಗಳು ದಶಕಗಳ ಕಾಲ ಬ್ಯಾಂಕು, ವಿಮೆ, ಕಾರ್ಖಾನೆಗಳ ಲೆಕ್ಕದ ಕೋಣೆಗಳನ್ನು ಆಳಿದವು. ಅವುಗಳ ಉಪಾಯ ಸರಳ. ಕಾರ್ಡುಗಳನ್ನು ಮೊದಲು ವಿಭಾಗವಾರು ಜೋಡಿಸು. ಒಂದೊಂದೇ ಕಾರ್ಡು ಒಳಗೆ ಹೋಗುವಾಗ ವಿಭಾಗದ ನಂಬರು ಹಿಂದಿನ ಕಾರ್ಡಿನದೇ ಆಗಿದ್ದರೆ ಕೂಡುತ್ತ ಹೋಗು. ನಂಬರು ಬದಲಾದ ಕ್ಷಣ ನಿಲ್ಲು, ಇದುವರೆಗಿನ ಮೊತ್ತ ಅಚ್ಚು ಹಾಕು, ಲೆಕ್ಕವನ್ನು ಸೊನ್ನೆ ಮಾಡು, ಮುಂದೆ ಹೋಗು. ಈ ಬದಲಾವಣೆಗೆ ‘ಕಂಟ್ರೋಲ್ ಬ್ರೇಕ್’ ಎಂದು ಹೆಸರು ಬಿತ್ತು. ಕಾರ್ಡುಗಳ ಕಟ್ಟಿನಲ್ಲಿ ಒಂದೇ ಒಂದು ಕಾರ್ಡು ತಪ್ಪು ಜಾಗದಲ್ಲಿದ್ದರೆ ಒಂದು ವಿಭಾಗಕ್ಕೆ ಎರಡು ಮೊತ್ತ ಬರುತ್ತಿತ್ತು, ಎರಡೂ ಅರೆಬರೆ.

ಕಂಪ್ಯೂಟರು ಬಂದರೂ ಅಭ್ಯಾಸ ಹೋಗಲಿಲ್ಲ. 1959ರಲ್ಲಿ ಐಬಿಎಂ 1401 ಯಂತ್ರಕ್ಕಾಗಿ ಬಂದ ಆರ್‌ಪಿಜಿ ಭಾಷೆ ಟ್ಯಾಬ್ಯುಲೇಟರಿನ ನಡಿಗೆಯನ್ನೇ ಪ್ರೋಗ್ರಾಮಿಗೆ ತಂದಿತು. ವಿವರಗಳನ್ನು ಸಂಸ್ಕರಿಸುವ ಹೊತ್ತಿಗೆ ‘ಡೀಟೇಲ್ ಟೈಮ್’, ಮೊತ್ತ ಹಾಕುವ ಹೊತ್ತಿಗೆ ‘ಟೋಟಲ್ ಟೈಮ್’ ಎಂದು ಅದು ಕಾಲವನ್ನೇ ಎರಡಾಗಿ ಸೀಳಿತ್ತು. ಎಲ್1ರಿಂದ ಎಲ್9ರವರೆಗೆ ಒಂಬತ್ತು ಮಟ್ಟದ ಉಪಮೊತ್ತ, ಕೊನೆಯ ದಾಖಲೆಗೆ ಎಲ್‌ಆರ್. ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಒಟ್ಟುಗೂಡಿಸುತ್ತ ಹೋಗುವ ಗೋಷ್ವಾರೆಗೂ ಇದಕ್ಕೂ ಕ್ರಮದಲ್ಲಿ ಭೇದವಿಲ್ಲ.

ಕೇಳುವ ಭಾಷೆ

ಜೋಡಿಸಿಟ್ಟ ಕ್ರಮವೇ ಲೆಕ್ಕದ ಆಧಾರ ಎಂಬ ನಂಬಿಕೆಯನ್ನು ಅಲುಗಾಡಿಸಿದವನು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಐಬಿಎಂ ಪ್ರಯೋಗಾಲಯದಲ್ಲಿದ್ದ ಈ ಗಣಿತಜ್ಞ 1970ರ ಜೂನಿನಲ್ಲಿ ಪ್ರಕಟಿಸಿದ ಪ್ರಬಂಧ, ದತ್ತಾಂಶವನ್ನು ಸಾದಾ ಕೋಷ್ಟಕಗಳಾಗಿ ನೋಡಬೇಕು ಎಂದು ವಾದಿಸಿತು. ಸಾಲುಗಳು ಯಾವ ಕ್ರಮದಲ್ಲಿವೆ ಎಂಬುದು ಕೇಳುವವನಿಗೆ ಬೇಕಿಲ್ಲ. ಇರುವ ಅಂಶಗಳಿಂದ ಪಡೆಯಬಹುದಾದದ್ದನ್ನು ಮತ್ತೆ ಬರೆದಿಟ್ಟರೆ ಒಂದಕ್ಕೊಂದು ತಾಳೆಯಾಗದ ಅಪಾಯವೂ ಇದೆ. 440 ನಾರ್ತ್‌ವಿಂಡ್‌ನಲ್ಲಿ ಇಲ್ಲದಿರುವುದಕ್ಕೆ ಬೇರು ಇಲ್ಲಿದೆ.

ಆದರೆ ಕಾಡ್ ಕೊಟ್ಟ ಬೀಜಗಣಿತದಲ್ಲಿ ಮೊತ್ತವೇ ಇರಲಿಲ್ಲ! ಆರಿಸುವುದು, ಜೋಡಿಸುವುದು, ಕತ್ತರಿಸುವುದು ಇತ್ತು, ಕೂಡುವುದಕ್ಕೆ ಜಾಗವಿರಲಿಲ್ಲ. ಮಹಾವೀರನ ಎಂಟು ಪರಿಕರ್ಮಗಳ ನೆನಪಾಗದೆ ಇರದು. ಆ ಬೀಜಗಣಿತಕ್ಕೆ ಮೊತ್ತವನ್ನು ಶಾಸ್ತ್ರೀಯವಾಗಿ ಸೇರಿಸಿದ್ದು 1982ರಲ್ಲಿ, ಆಂಟನಿ ಕ್ಲುಗ್ ಎಂಬ ವಿದ್ವಾಂಸನ ಪ್ರಬಂಧ. ಅದರ ಹಿಂದಿನ ವರ್ಷವೇ ಕಾಡ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂದಿತ್ತು.

ಶಾಸ್ತ್ರ ಕಾದರೂ ವ್ಯವಹಾರ ಕಾಯಲಿಲ್ಲ. ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಎಂಬ ಇಬ್ಬರು ತರುಣರು 1974ರಲ್ಲಿ ‘ಸೀಕ್ವೆಲ್’ ಭಾಷೆಯನ್ನು ಮಂಡಿಸಿದರು. ಇಂಗ್ಲಿಷ್ ವಾಕ್ಯದಂತೆ ಓದಿಸಿಕೊಳ್ಳುವ ಪ್ರಶ್ನೆಗಳು ಅದರವು. ಮಂಡಿಸಿದ ಕೆಲವೇ ವಾರಗಳಲ್ಲಿ ಬಾಯ್ಸ್ ಮಿದುಳಿನ ರಕ್ತನಾಳ ಒಡೆದು ತೀರಿಕೊಂಡ. ವಯಸ್ಸು ಮೂವತ್ತೂ ಆಗಿರಲಿಲ್ಲ. ‘ಸೀಕ್ವೆಲ್’ ಎಂಬುದು ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ ಹೆಸರು ಎಸ್‌ಕ್ಯೂಎಲ್ ಎಂದು ಮೊಟಕಾಯಿತು. 1979ರಲ್ಲಿ ಒರೇಕಲ್ ಅದನ್ನು ಮಾರುಕಟ್ಟೆಗೆ ತಂದಿತು, 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಮುದ್ರೆ ಬಿತ್ತು.

ಆ ಭಾಷೆಯ ಮೊತ್ತದ ಅಂಗಡಿಯಲ್ಲಿ ಮೊದಲಿಗೆ ಐದೇ ಸಾಮಾನು: ಕೌಂಟ್, ಸಮ್, ಆವರೇಜ್, ಮ್ಯಾಕ್ಸ್, ಮಿನ್. ಜೊತೆಗೆ ‘ಗ್ರೂಪ್ ಬೈ’ ಎಂಬ ಎರಡು ಪದ. ಇಡೀ ಖತಾವಣಿ ಆ ಎರಡು ಪದಗಳಿಗೆ ಇಳಿಯಿತು. ಗಿರಾಕಿವಾರು ಎಂದರೆ ಗಿರಾಕಿವಾರು, ತಿಂಗಳವಾರು ಎಂದರೆ ತಿಂಗಳವಾರು; ಕಾರ್ಡಿನ ಕಟ್ಟನ್ನು ಯಾರೂ ಕೈಯಾರೆ ಜೋಡಿಸಬೇಕಿಲ್ಲ. ‘ವೇರ್’ ಎಂಬುದು ಗುಡ್ಡೆ ಹಾಕುವ ಮೊದಲು ಕಾಳಿನಿಂದ ಕಲ್ಲು ಹೆಕ್ಕುತ್ತದೆ. ‘ಹ್ಯಾವಿಂಗ್’ ಎಂಬುದು ಗುಡ್ಡೆ ಹಾಕಿದ ಮೇಲೆ ಸಣ್ಣ ಗುಡ್ಡೆಗಳನ್ನು ಕೈಬಿಡುತ್ತದೆ.

ಗುಮಾಸ್ತರ ಹಳೇ ಅಭ್ಯಾಸವಾದ ಉಪಮೊತ್ತ, ಮಹಾಮೊತ್ತಗಳು ಮಾತ್ರ ಇನ್ನೂ ಹೊರಗಿದ್ದವು. 1990ರ ದಶಕದಲ್ಲಿ ಜಿಮ್ ಗ್ರೇ ಮತ್ತು ಸಂಗಡಿಗರು ‘ಕ್ಯೂಬ್’, ‘ರೋಲಪ್’ ಎಂಬ ಕ್ರಿಯೆಗಳನ್ನು ಸೂಚಿಸಿದರು. 1999ರ ಮಾನಕದಲ್ಲಿ ಅವು ಸೇರಿದವು. ಆರ್‌ಪಿಜಿಯ ಒಂಬತ್ತು ಮಟ್ಟಗಳು ಹೀಗೆ ಹಿಂಬಾಗಿಲಿನಿಂದ ಮರಳಿ ಬಂದವು. ಕಣದ ಲಾಭ, ಎರಡು, ಮೂರರಂಥ ಓಡುವ ಮೊತ್ತ ಮಾನಕದೊಳಗೆ ಬರಲು 2003ರವರೆಗೆ ಕಾಯಬೇಕಾಯಿತು.

ಫಾರ್ಮಿನ ಅಡಿಸಾಲು

ಎಸ್‌ಕ್ಯೂಎಲ್ ಟೈಪು ಮಾಡಬಲ್ಲವರು ಕಡಿಮೆ. ಮೊತ್ತ ಬೇಕಾದವರು ಎಲ್ಲ ಕಡೆ ಇದ್ದರು. 1970ರ ದಶಕದಲ್ಲೇ ಐಬಿಎಂನ ಮೋಶೆ ಝ್ಲೂಫ್, ಪರದೆಯ ಮೇಲೆ ಖಾಲಿ ಕೋಷ್ಟಕ ತೋರಿಸಿ ಅದರಲ್ಲೇ ಮಾದರಿ ತುಂಬಿಸಿ ಪ್ರಶ್ನೆ ಕೇಳುವ ವಿಧಾನ ಹೊಳೆಸಿದ. ಇನ್ನೊಂದು ಕಡೆ, ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸಕ್ಕಿದ್ದ ವೇಯ್ನ್ ರಾಟ್ಲಿಫ್ ಕಚೇರಿಯ ಫುಟ್‌ಬಾಲ್ ಪಂಥದಲ್ಲಿ ಗೆಲ್ಲಲೆಂದು ಬರೆದ ಪ್ರೋಗ್ರಾಮು ಡಿಬೇಸ್ ಆಗಿ ಬೆಳೆಯಿತು. ಎಂಬತ್ತು ತೊಂಬತ್ತರ ದಶಕಗಳಲ್ಲಿ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂಬ ಮೂರು ಹೆಸರುಗಳು ಕಂಪ್ಯೂಟರ್ ಕ್ಲಾಸುಗಳ ಬೋರ್ಡಿನ ಮೇಲೆ ಒಟ್ಟಿಗೇ ಕಾಣುತ್ತಿದ್ದವು. ಡಿಬೇಸಿನ ‘ಟೋಟಲ್’ ಆಜ್ಞೆ ಕೊಡುವ ಮೊದಲು ಫೈಲನ್ನು ಅದೇ ಅಂಶದ ಮೇಲೆ ಸಾರ್ಟ್ ಅಥವಾ ಇಂಡೆಕ್ಸ್ ಮಾಡಿರಬೇಕಿತ್ತು. ಟ್ಯಾಬ್ಯುಲೇಟರಿನ ಕಟ್ಟಳೆ ಅಲ್ಲೂ ಉಳಿದಿತ್ತು.

ಬೆಂಗಳೂರಿನಲ್ಲಿ 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಪ್ಯೂಟ್ರಾನಿಕ್ಸ್ ಕಂಪನಿ ಶುರುಮಾಡಿದರು. ಅದರ ಲೆಕ್ಕದ ತಂತ್ರಾಂಶವೇ ಟ್ಯಾಲಿ. ವೋಚರ್ ಒಂದನ್ನು ಖಿರ್ದಿಯಂತೆ ಬರೆದರಾಯಿತು, ಖತಾವಣಿ, ತಾಳೆಪಟ್ಟಿ, ಅಢಾವೆ ಪತ್ರಿಕೆ ಎಲ್ಲವೂ ತಾವಾಗಿ ಮೂಡುತ್ತವೆ. ಹೆಸರಿಗೂ ಕಥೆಯಿದೆ. ಟ್ಯಾಲಿ ಎಂದರೆ ಇಂಗ್ಲೆಂಡಿನ ಖಜಾನೆಯಲ್ಲಿ ಗೀರು ಹಾಕಿ ಸೀಳಿ, ಕೊಟ್ಟವನಿಗೊಂದು ಪಡೆದವನಿಗೊಂದು ಇಟ್ಟುಕೊಳ್ಳುತ್ತಿದ್ದ ಲೆಕ್ಕದ ಕೋಲು. ಆ ಕೋಲುಗಳು ಹಳತಾಗಿ 1834ರ ಅಕ್ಟೋಬರ್ 16ರಂದು ಅವನ್ನು ಒಲೆಗೆ ಹಾಕಿದಾಗ ಬೆಂಕಿ ಹಬ್ಬಿ ಲಂಡನ್ನಿನ ಸಂಸತ್ ಭವನವೇ ಸುಟ್ಟುಹೋಯಿತು.

1992ರ ನವೆಂಬರಿನಲ್ಲಿ ಬಂದ ಆಕ್ಸೆಸ್, ಝ್ಲೂಫ್‌ನ ಖಾಲಿ ಕೋಷ್ಟಕವನ್ನು ಮನೆಮಾತು ಮಾಡಿತು. ಅದರ ಕ್ವೆರಿ ಪರದೆಯಲ್ಲಿ ಗ್ರೀಕಿನ ಸಿಗ್ಮಾ ಚಿತ್ರದ ಗುಂಡಿ ಒತ್ತಿದರೆ ‘ಟೋಟಲ್’ ಎಂಬ ಹೊಸ ಸಾಲು ಹುಟ್ಟುತ್ತದೆ. ಆ ಸಾಲಿನ ಪ್ರತಿ ಮನೆಯಲ್ಲೂ ಮೊದಲಿಗೆ ‘ಗ್ರೂಪ್ ಬೈ’ ಎಂದೇ ಇರುತ್ತದೆ. ‘ಸಮ್’ ಬೇಕಾದಲ್ಲಿ ಬಳಕೆದಾರನೇ ಬದಲಿಸಬೇಕು. ಕಲಿಯುವವರು ಎಡವುವುದು ಇಲ್ಲೇ. ಆರ್ಡರ್ ನಂಬರಿನ ಪಕ್ಕ ಸರಕಿನ ಹೆಸರನ್ನೂ ಉಳಿಸಿಕೊಂಡರೆ 440 ಎಂಬ ಒಂದು ಸಾಲಿನ ಬದಲು 168, 98, 174 ಎಂದು ಮೂರು ಸಾಲು ಬಂದು ನಿಲ್ಲುತ್ತವೆ. ಯಂತ್ರ ಕೂಡಲು ಸೋತಿಲ್ಲ. ಮೂರು ಗುಡ್ಡೆ ಮಾಡು ಎಂದಿದ್ದಕ್ಕೆ ಮೂರು ಗುಡ್ಡೆ ಮಾಡಿದೆ.

ಫಾರ್ಮಿನಲ್ಲಿ ಮೊತ್ತದ ಜಾಗ ಅಡಿಭಾಗ, ‘ಫೂಟರ್’. ಅಲ್ಲೊಂದು ಪೆಟ್ಟಿಗೆ ಇಟ್ಟು ಸಮಚಿಹ್ನೆ ಹಾಕಿ ಸಮ್ ಬರೆದರೆ ಮೇಲಿನ ಸಾಲುಗಳೆಲ್ಲ ಕೂಡಿ ಬರುತ್ತವೆ. ಸಾಲಿನ ಮೊತ್ತ ತೋರಿಸುವ ಪೆಟ್ಟಿಗೆಯ ಹೆಸರನ್ನೇ ಸಮ್ ಒಳಗೆ ಕೊಟ್ಟರೆ ಮಾತ್ರ ಎರರ್ ಎಂದು ಮುಖ ತಿರುಗಿಸುತ್ತದೆ. ಸಮ್‌ಗೆ ಕೋಷ್ಟಕದ ಅಥವಾ ಕ್ವೆರಿಯ ಕಾಲಮ್ಮುಗಳಷ್ಟೇ ಗೊತ್ತು, ಪರದೆಯ ಮೇಲಿನ ಪೆಟ್ಟಿಗೆ ಗೊತ್ತಿಲ್ಲ. ದರ ಗುಣಿಸು ಪ್ರಮಾಣ ಎಂಬ ಲೆಕ್ಕವನ್ನೇ ಮತ್ತೆ ಒಳಗೆ ಬರೆಯಬೇಕು, ಇಲ್ಲವೇ ಆ ಲೆಕ್ಕವನ್ನು ಕ್ವೆರಿಯಲ್ಲಿ ಮೊದಲೇ ಮಾಡಿಟ್ಟಿರಬೇಕು. ನಾರ್ತ್‌ವಿಂಡ್‌ನವರು ಎರಡನೆಯ ದಾರಿ ಹಿಡಿದಿದ್ದರು. ಒಳಫಾರ್ಮಿನ ಫೂಟರಿನಲ್ಲಿ 440. ಹೊರಗಿನ ಫಾರ್ಮು ಅದನ್ನು ಎತ್ತಿಕೊಂಡು 32.38 ಡಾಲರ್ ಸಾಗಣೆ ವೆಚ್ಚ ಸೇರಿಸಿ 472.38 ತೋರಿಸುತ್ತಿತ್ತು.

ಸರಿಯಾಗಿ ಕೂಡಿದ ತಪ್ಪು

ಆ 32.38ರಲ್ಲೇ ಡೇಟಾಬೇಸಿನ ಬಹು ಹಳೆಯ ಬೋನು ಇದೆ. ಆರ್ಡರುಗಳ ಕೋಷ್ಟಕವನ್ನು ವಿವರಗಳ ಕೋಷ್ಟಕದೊಡನೆ ಜೋಡಿಸಿದಾಗ 10248 ಮೂರು ಸಾಲಾಗುತ್ತದೆ, ಸಾಗಣೆ ವೆಚ್ಚವೂ ಮೂರು ಸಲ ಕಾಣುತ್ತದೆ. ಆಗ ಅದಕ್ಕೆ ಸಮ್ ಹಾಕಿದರೆ 97.14 ಬರುತ್ತದೆ. ಕೂಡುವಿಕೆಯಲ್ಲಿ ಒಂದು ಪೈಸೆ ತಪ್ಪಿಲ್ಲ. ಆರ್ಡರಿನ ಮಟ್ಟದ ಅಂಕಿಯನ್ನು ಸರಕಿನ ಮಟ್ಟದಲ್ಲಿ ಕೂಡಿದ್ದೇ ತಪ್ಪು.

ಇನ್ನೊಂದು ಬೋನು ಖಾಲಿ ಮನೆ. ಎಸ್‌ಕ್ಯೂಎಲ್‌ನಲ್ಲಿ ‘ನಲ್’ ಎಂದರೆ ಸೊನ್ನೆಯಲ್ಲ, ಗೊತ್ತಿಲ್ಲ ಎಂದು. ಸಮ್ ಖಾಲಿ ಮನೆಗಳನ್ನು ದಾಟಿ ಉಳಿದದ್ದನ್ನು ಕೂಡುತ್ತದೆ. ಆದರೆ ಅಧಿಕ ಚಿಹ್ನೆ ಹಾಕಿ ಎರಡು ಮನೆ ಕೂಡಿದಾಗ ಒಂದು ಖಾಲಿಯಿದ್ದರೂ ಉತ್ತರ ಖಾಲಿ. ಒಂದೂ ಸಾಲಿಲ್ಲದ ಕಡೆ ಸಮ್ ಕೇಳಿದರೆ ಸೊನ್ನೆ ಬರುವುದಿಲ್ಲ, ನಲ್ ಬರುತ್ತದೆ. ಅದಕ್ಕೇ ಆಕ್ಸೆಸ್ ಬಲ್ಲವರು ಖಾಲಿಯನ್ನು ಸೊನ್ನೆ ಮಾಡುವ ‘ಎನ್‌ಝಡ್’ ಎಂಬ ಪುಟ್ಟ ಕ್ರಿಯೆಯನ್ನು ಉಪ್ಪಿನಂತೆ ಎಲ್ಲದಕ್ಕೂ ಹಾಕುವುದು. ಮೂರನೆಯದು ದಶಮಾಂಶ: 0.1ನ್ನು ಹತ್ತು ಸಲ ಕೂಡಿದರೆ ತೇಲುಬಿಂದುವಿನ ಲೆಕ್ಕದಲ್ಲಿ 1 ಆಗುವುದಿಲ್ಲ, ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ. ಹಣಕ್ಕೆಂದು ಆಕ್ಸೆಸ್‌ನಲ್ಲಿ ನಾಲ್ಕು ದಶಮಾಂಶ ಸ್ಥಾನದ ‘ಕರೆನ್ಸಿ’ ಬಗೆ ಇರುವುದು ಈ ಕಾರಣಕ್ಕೆ.

ಮೂರು ಮತ್ತು ಒಂಬತ್ತು

ಎಕರೆ ತಿರುಗಲಿಲ್ಲ ಎಂದು ಹೇಳಿದ್ದರ ಎಳೆ ಇಲ್ಲಿಗೆ ಬಂದು ಸೇರುತ್ತದೆ. ವಂಶಪಾರಂಪರ್ಯದ ಶಾನುಭೋಗಿಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದಾಗಿ 1963ರಲ್ಲಿ ಕೊನೆಗೊಂಡಿತು. ಅವರ ದಫ್ತರಗಳ ಲೆಕ್ಕ ಗ್ರಾಮಲೆಕ್ಕಿಗರ ಕೈಗೆ ಹೋಗಿ, ಹೊಸ ಸಹಸ್ರಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಕಂಪ್ಯೂಟರಿಗೆ ಏರಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಭೂದಾಖಲೆಗಳು ಗಣಕೀಕರಣವಾದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಅಚ್ಚಾಗಿ ಕೈಗೆ ಬರತೊಡಗಿತು.

ಡೇಟಾಬೇಸಿಗೆ ಏರಿದರೂ ಅದು ಎಕರೆ, ಗುಂಟೆ, ಗುಂಟೆಯೊಳಗಿನ ಆಣೆಯ ಲೆಕ್ಕವೇ. ಊರಕಡೆ 1 ಎಕರೆ 30 ಗುಂಟೆಯನ್ನು 1.30 ಎಂದು ಬರೆಯುತ್ತಾರೆ. 2 ಎಕರೆ 25 ಗುಂಟೆ ಅಂದರೆ 2.25. ಇವೆರಡನ್ನು ಸಾದಾ ದಶಮಾಂಶವೆಂದು ಸಮ್‌ಗೆ ಕೊಟ್ಟರೆ 3.55 ಎನ್ನುತ್ತದೆ. ಮೂರು ಎಕರೆ ಐವತ್ತೈದು ಗುಂಟೆ ಎಂಬ ಜಮೀನು ಯಾವ ಸರ್ವೆ ನಂಬರಿನಲ್ಲೂ ಇಲ್ಲ. ಸರಿಯಾದ ಕ್ರಮ ಎರಡನ್ನೂ ಗುಂಟೆಗೆ ಇಳಿಸುವುದು: 70, 105, ಒಟ್ಟು 175. ಅದನ್ನು 40ರಿಂದ ಭಾಗಿಸಿದರೆ 4, ಉಳಿಕೆ 15. ನಾಲ್ಕು ಎಕರೆ ಹದಿನೈದು ಗುಂಟೆ.

ಪಹಣಿ ಇನ್ನೊಂದು ವಿಷಯದಲ್ಲೂ ಹಳೆಯ ಲೆಕ್ಕದ ವಂಶದ್ದು. ಅದರ 3ನೇ ಕಾಲಮ್ಮಿನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು, ಉಳಿಕೆ ಎಂದು ಮೊತ್ತವನ್ನು ಬರೆದಿಟ್ಟಿರುತ್ತಾರೆ. 9ನೇ ಕಾಲಮ್ಮಿನಲ್ಲಿ ಸ್ವಾಧೀನದಾರರ ಹೆಸರು, ಒಬ್ಬೊಬ್ಬರ ಪಾಲಿನ ವಿಸ್ತೀರ್ಣ. ಬರೆದಿಟ್ಟ ಮೊತ್ತ ಒಂದು ಕಡೆ, ಕೂಡಿದರೆ ಹುಟ್ಟಬೇಕಾದ ಮೊತ್ತ ಇನ್ನೊಂದು ಕಡೆ. ಪಾಲಾಗಿ, ಕ್ರಯವಾಗಿ, ಪೌತಿಯಾಗಿ ಹೆಸರು ಬದಲಾದಾಗ ಎರಡೂ ಒಟ್ಟಿಗೆ ಬದಲಾಗದಿದ್ದರೆ ತಾಳೆ ತಪ್ಪುತ್ತದೆ. ‘3 ಮತ್ತು 9 ಮಿಸ್‌ಮ್ಯಾಚ್’ ಎಂಬುದು ಇಂದು ಕರ್ನಾಟಕದ ತಾಲ್ಲೂಕು ಕಚೇರಿಗಳಲ್ಲಿ ರೈತರ ಬಾಯಲ್ಲೂ ಇರುವ ಮಾತು. ಮನೆಯಲ್ಲಿ ಪಹಣಿ ಇರುವವರು 9ನೇ ಕಾಲಮ್ಮನ್ನು ಒಮ್ಮೆ ಕೂಡಿ 3ನೆಯದರೊಡನೆ ತಾಳೆ ನೋಡುವುದು ಒಳ್ಳೆಯದು. 40ಕ್ಕೆ ದಶಕ ಏರಿಸುವುದನ್ನು ಮರೆಯಬಾರದು.